ಸತ್ಯಾಂಶ: ಮೊನೊವೈಗೆ ಎರಡನೆಯವರು ಬಂದಿರಲಿಲ್ಲ

'ಒಬ್ಬರೇ ಇದ್ದ ಅಮೆರಿಕದ ಊರಿಗೆ ಇನ್ನೊಬ್ಬರು ಬಂದರು, ಜನಸಂಖ್ಯೆ ದುಪ್ಪಟ್ಟಾಯಿತು' ಎಂಬ ಫಾರ್ವರ್ಡ್ ಓಡಾಡುತ್ತಿದೆ. ಊರು ನಿಜ: ನೆಬ್ರಾಸ್ಕ ರಾಜ್ಯದ ಬಾಯ್ಡ್ ಕೌಂಟಿಯ ಮೊನೊವೈ. ಅರ್ಧ ಚದರ ಕಿ.ಮೀ. ಆಸುಪಾಸಿನ ಈ ಹಳ್ಳಿಯಲ್ಲಿ 1930ರ ದಶಕದಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. 2000ದ ಗಣತಿಯಲ್ಲಿ ಇಬ್ಬರು, 2010ರಲ್ಲಿ ಒಬ್ಬರು.

2020ರ ಗಣತಿ ಪಟ್ಟಿಯಲ್ಲಿ ಮತ್ತೆ '2' ಎಂದಿರುವುದೂ ನಿಜ. ಆದರೆ ಹೊಸಬರು ಯಾರೂ ಬಂದಿರಲಿಲ್ಲ. ಸಣ್ಣ ಊರಿನ ಅಂಕಿ ಇದ್ದಂತೆಯೇ ಪ್ರಕಟವಾದರೆ, ಅಲ್ಲಿರುವವರ ವಯಸ್ಸು, ಜನಾಂಗದಂಥ ಖಾಸಗಿ ವಿವರ ಯಾರದೆಂದು ಸುಲಭವಾಗಿ ಪತ್ತೆಯಾಗುತ್ತದೆ. ಅದನ್ನು ತಡೆಯಲು ಗಣತಿ ಇಲಾಖೆ ಈ ಸಲ ಗಣಿತದ ಲೆಕ್ಕಾಚಾರದಿಂದ ಅಂಕಿಗಳನ್ನು ಬೇಕೆಂದೇ ಸ್ವಲ್ಪ ಏರುಪೇರು ಮಾಡಿತು. ಲಕ್ಷ ಜನರ ನಗರದಲ್ಲಿ ಒಂದೆರಡರ ವ್ಯತ್ಯಾಸ ಕಣ್ಣಿಗೇ ಬೀಳದು. ಒಬ್ಬರಿರುವಲ್ಲಿ ಅದೇ ನೂರಕ್ಕೆ ನೂರು ಏರಿಕೆ.

ರಾಜ್ಯದ ಒಟ್ಟು ಜನಸಂಖ್ಯೆಯನ್ನು ಮಾತ್ರ ಮುಟ್ಟಿಲ್ಲ, ಪ್ರತಿ ಬ್ಲಾಕಿನ (ಗಣತಿಯ ಅತಿ ಚಿಕ್ಕ ಪ್ರದೇಶ) ಮನೆಗಳ ಸಂಖ್ಯೆಯನ್ನೂ ಇಲ್ಲ. ಹಾಗಾಗಿ ಪುಟ್ಟ ಊರುಗಳನ್ನು ಹೋಲಿಸುವಾಗ ಅಕ್ಕಪಕ್ಕದ ಹಲವನ್ನು ಕೂಡಿಸಿ, ಇಲ್ಲವೇ ಇಡೀ ಕೌಂಟಿಯ ಮೊತ್ತ ನೋಡಿ. ಕೂಡಿಸಿದಷ್ಟೂ ಏರುಪೇರಿನ ಪ್ರಮಾಣ ಕುಗ್ಗುತ್ತದೆ.