ಬಾಯಿ ಬಿಟ್ಟ ಹಿಡಿ

ನಮ್ಮ ಮನೆಯ ಹಳೆಯ ಅಡುಗೆಚಾಕುವಿಗೆ ಕಳೆದ ವಾರ ಎರಡನೆಯ ಬಾರಿ ಹಿಡಿ ಕೂಡಿಸಿದೆ. ಮೊದಲ ಬಾರಿ ಕೂಡಿಸಿದ್ದೂ ನಾನೇ, ಕೆಡಿಸಿದ್ದೂ ನಾನೇ. ಕೆಟ್ಟದ್ದು ಕಣ್ಣಿಗೆ ಬಿದ್ದ ದಿನವೇ ಬಿಚ್ಚಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿದ್ದ ಕೆಲಸವನ್ನು, ಅದನ್ನು ಜಾಣತನದಿಂದ ಮುಚ್ಚಲು ಹೋಗಿ ಒಂಬತ್ತು ತಿಂಗಳ ಕತೆಯಾಗಿ ಮಾಡಿಕೊಂಡೆ. ಮರಕ್ಕೂ ಉಕ್ಕಿಗೂ ನಡುವೆ ಸಂದು ಕಂಡಾಗ ಅದನ್ನು ತುಂಬಬೇಕೋ, ಹಿಡಿಯನ್ನೇ ಬಿಚ್ಚಬೇಕೋ ಎಂಬ ಪ್ರಶ್ನೆಗೆ ಬಿಚ್ಚಬೇಕು ಎಂದೇ ಈಗ ನನ್ನ ಉತ್ತರ. ಹೀಗೆ ಹೇಳಲು ಕಾರಣವೇನೆಂದು ಕೊಂಚ ವಿವರವಾಗಿ ಬರೆಯುತ್ತಿದ್ದೇನೆ.

ಚಾಕು ಅಪ್ಪನ ಕಾಲದ್ದು. ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಉಕ್ಕು. ಹುಣಸೆಹಣ್ಣು ತಾಗಿದರೆ ಕಪ್ಪಾಗುತ್ತದೆ, ಒದ್ದೆಯಾಗಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ, ಆದರೆ ಕಲ್ಲಿಗೆ ನಾಲ್ಕು ಬಾರಿ ಎಳೆದರೆ ಮತ್ತೆ ಕೂದಲು ಸೀಳುವ ಹರಿತ ಬರುತ್ತದೆ. ಅಲಗಿನ ಉಕ್ಕೇ ಹಿಡಿಯ ತುದಿಯವರೆಗೆ ಪಟ್ಟಿಯಾಗಿ ಮುಂದುವರಿದಿರುತ್ತದೆ. ಇದಕ್ಕೆ ಟ್ಯಾಂಗ್ ಎನ್ನುತ್ತಾರೆ. ಅದರ ಎರಡೂ ಮಗ್ಗುಲಿಗೆ ಒಂದೊಂದು ಮರದ ಹಲಗೆಯನ್ನಿಟ್ಟು, ಮೂರು ಹಿತ್ತಾಳೆ ಪಿನ್ನುಗಳನ್ನು ಆರಪಾರ ತೂರಿಸಿ, ಅಂಟು ಹಾಕಿ ಬಿಗಿಯುತ್ತಾರೆ. ಈ ಹಲಗೆಗಳೇ ಚಾಕು ಮಾಡುವವರ ಮಾತಿನಲ್ಲಿ ಸ್ಕೇಲುಗಳು. ನಮ್ಮ ಮಲೆನಾಡಿನ ಕತ್ತಿಯ ಕ್ರಮ ಬೇರೆ. ಅಲ್ಲಿ ಮೊನಚಾದ ಬುಡವನ್ನು ಮರದ ಹಿಡಿಯೊಳಕ್ಕೆ ಹೊಗಿಸಿ ಕುತ್ತಿಗೆಗೆ ಕಬ್ಬಿಣದ ಬಳೆ ತೊಡಿಸುತ್ತಾರೆ, ಒಳಗೆ ಏನಾಗಿದೆಯೆಂದು ಯಾರಿಗೂ ಕಾಣುವುದಿಲ್ಲ. ಎರಡು ಹಲಗೆಯ ಹಿಡಿಯಲ್ಲಿ ಮಾತ್ರ ಮರ, ಉಕ್ಕು, ಮರ ಎಂಬ ಮೂರು ಪದರಗಳು ಸುತ್ತಲೂ ತೆರೆದಿರುವುದರಿಂದ ಕೆಲಸಗಾರನ ಗುಟ್ಟು ಅಂಚಿನಲ್ಲೇ ರಟ್ಟಾಗುತ್ತದೆ.

ಮೂಲ ಹಲಗೆಗಳು ಕೊಳೆತು ಪುಡಿಯಾಗಿದ್ದವು. ಊರಿನ ಮನೆಯ ಹಿತ್ತಿಲಬಾಗಿಲ ಚೌಕಟ್ಟನ್ನು ಬದಲಾಯಿಸಿದಾಗ ಉಳಿದಿದ್ದ ಹಲಸಿನ ತುಂಡು ನನ್ನಲ್ಲಿತ್ತು. ಮೇಲೆಲ್ಲ ಹೊಗೆ ಹಿಡಿದ ಕಂದು ಬಣ್ಣ, ಒಂದು ಪದರ ತೆಗೆದರೆ ಒಳಗೆ ಅರಿಸಿನದ ಹೊಳಪು. ಹಲಸಿನ ಹಣ್ಣು ಕೊಯ್ಯುವ ಚಾಕುವಿಗೆ ಹಲಸಿನದೇ ಹಿಡಿ ಎಂಬ ಕಲ್ಪನೆಯೂ ಹಿಡಿಸಿತು. ಆಯುಧಪೂಜೆಗೆ ಎರಡು ದಿನವಿತ್ತು. ಕುಂಕುಮ ಇಡುವ ಹೊತ್ತಿಗೆ ಚಾಕು ಸಿದ್ಧವಾಗಿರಬೇಕೆಂದು ನಾನೇ ಹೇರಿಕೊಂಡ ಗಡುವು ಅದು. ಬೇರೆ ಯಾರೂ ಕೇಳಿರಲಿಲ್ಲ.

ಹಲಗೆಯ ಒಳಮೈಯನ್ನು ಚಪ್ಪಟೆ ಮಾಡಲು ಉಪ್ಪುಕಾಗದವನ್ನು ಅಂಗೈಯಲ್ಲಿ ಹಿಡಿದು ಉಜ್ಜಿದೆ. ಕೈಯಲ್ಲಿ ಹಿಡಿದ ಕಾಗದ ಎಂದೂ ಚಪ್ಪಟೆಯಾಗಿ ಉಜ್ಜುವುದಿಲ್ಲ. ಪ್ರತಿ ಎಳೆತದ ಆರಂಭದಲ್ಲೂ ಕೊನೆಯಲ್ಲೂ ಮಣಿಕಟ್ಟು ಕೊಂಚ ಬಾಗಿ ತುದಿಗಳನ್ನು ಹೆಚ್ಚು ಸವೆಸುತ್ತದೆ. ಹೀಗೆ ನನ್ನ ಬಲಗಡೆಯ ಹಲಗೆ ಮಧ್ಯದಲ್ಲಿ ಉಬ್ಬಿ, ತುದಿಗಳಲ್ಲಿ ತಗ್ಗಿ, ದೋಣಿಯ ತಳದಂತಾಗಿತ್ತು. ಅದನ್ನು ಟ್ಯಾಂಗಿನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ನೋಡಲಿಲ್ಲ. ಅರಾಲ್ಡೈಟ್ ಬಳಿದು, ನಡುವಿಗೆ ಒಂದೇ ಕ್ಲಾಂಪ್ ಹಾಕಿ, ಬಲವಿದ್ದಷ್ಟು ಬಿಗಿದು ಮಲಗಿದೆ. ಬಿಗಿ ಹೆಚ್ಚಿದಷ್ಟೂ ಕೂಡಿಕೆ ಗಟ್ಟಿ ಎಂಬ ನಂಬಿಕೆ ಫೆವಿಕಾಲ್ ಹಾಕಿ ಹಲಗೆ ಜೋಡಿಸುವವರಿಂದ ಬಂದದ್ದು, ಅಲ್ಲಿ ಅದು ಸರಿಯೂ ಹೌದು. ಅರಾಲ್ಡೈಟಿನಂಥ ಎಪಾಕ್ಸಿ ಅಂಟಿಗೆ ಮಾತ್ರ ತೆಳುವಾದ ಪದರವೊಂದು ಒಳಗೆ ಉಳಿಯಬೇಕು. ಎಲ್ಲವನ್ನೂ ಹಿಂಡಿ ಹೊರಹಾಕಿದರೆ ಅಂಟಲು ಅಂಟೇ ಇರುವುದಿಲ್ಲ.

ಮರುದಿನ ಹಿಡಿಗೆ ಆಕಾರ ಕೊಡುವಾಗ ಅಲಗಿನ ಕಡೆಯ ತುದಿಯಲ್ಲಿ, ಬಲಮಗ್ಗುಲಲ್ಲಿ, ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಕಂಡಿತು. ಇಂಥ ಹೊತ್ತಿನಲ್ಲಿ ಯಾರನ್ನು ಕೇಳಿದರೂ ಸಿಗುವ ಉಪಾಯ ಒಂದೇ: ಅದೇ ಮರದ ಹೊಟ್ಟನ್ನು ಸಂದಿಗೆ ತುರುಕಿ, ಮೇಲೆ ಸೂಪರ್ ಗ್ಲೂ ಬಿಟ್ಟು, ಒಣಗಿದ ಮೇಲೆ ಉಜ್ಜಿಬಿಡು. ಹಾಗೆಯೇ ಮಾಡಿದೆ. ಅದ್ಭುತವಾಗಿ ಕಂಡಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಪೂಜೆಗೆ ಇಟ್ಟೆ, ಹೊಗಳಿಸಿಕೊಂಡೆ, ಚಾಕುವನ್ನು ಅಮ್ಮನಿಗೆಂದು ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಊರಿಗೆ ಕಳಿಸಿದೆ.

ಜುಲೈನಲ್ಲಿ ಊರಿಗೆ ಹೋದಾಗ ಅಮ್ಮ ಚಾಕುವನ್ನು ಮುಂದಿಟ್ಟು, ‘ಇದು ಬಾಯಿ ಬಿಟ್ಟಿದೆಯಲ್ಲೋ’ ಎಂದರು. ಒಣಹವೆಯ ಬೆಂಗಳೂರಿನಲ್ಲಿ ಕೂಡಿಸಿದ ಮರ ಮಲೆನಾಡಿನ ಮಳೆಗಾಲದಲ್ಲಿ ತೇವ ಕುಡಿದು ಅಡ್ಡಕ್ಕೆ ಹಿಗ್ಗಿತ್ತು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡವಾಗಿಯೇ ಅದರ ಹಿಗ್ಗು ಕುಗ್ಗು. ಗಾಜಿನಂತೆ ಬಿರುಸಾದ ಸೂಪರ್ ಗ್ಲೂ ಆ ಚಲನೆಗೆ ಬಗ್ಗಲಾರದೆ ಬಿರುಕುಬಿಟ್ಟಿತು. ಬಿರುಕಿನಿಂದ ಒಳಗಿಳಿದ ನೀರು, ಉಪ್ಪು, ಹುಳಿ ಹೊರಬರಲು ದಾರಿಯಿಲ್ಲದೆ ಉಕ್ಕಿನ ಮೇಲೆ ನಿಂತವು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಳೆಯ ತಾರಸಿಗಳಲ್ಲಿ ಒಳಗಿನ ಸರಳು ತುಕ್ಕು ಹಿಡಿದು ಕಾಂಕ್ರೀಟು ಚಕ್ಕೆಯಾಗಿ ಉದುರುವುದನ್ನು ಎಲ್ಲರೂ ನೋಡಿದ್ದೇವೆ. ಇಲ್ಲಿಯೂ ಅದೇ ಬಲ ಹಲಗೆಯನ್ನು ಒಳಗಿನಿಂದ ತಳ್ಳುತ್ತಿತ್ತು. ಸಾಲದೆಂಬಂತೆ ಸಂದಿನುದ್ದಕ್ಕೂ ಹಳದಿ ಮರದಲ್ಲಿ ಕಪ್ಪು ಗೆರೆಯೊಂದು ಮೂಡಿತ್ತು. ಹಲಸಿನ ಮರಕ್ಕೆ ಬಣ್ಣ ಕೊಡುವ ಅಂಶವೇ ಹಿಂದೆ ಬರ್ಮಾ, ಥಾಯ್ಲೆಂಡುಗಳ ಬೌದ್ಧ ಭಿಕ್ಷುಗಳ ಬಟ್ಟೆಗೂ ಬಣ್ಣವಾಗುತ್ತಿತ್ತು. ಅದಕ್ಕೆ ಕಬ್ಬಿಣ ಸೋಕಿದರೆ ಹಳದಿ ಮಂಕಾಗಿ ಕಪ್ಪಿನ ಕಡೆಗೆ ತಿರುಗುತ್ತದೆ, ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬಿದ್ದು ಮಸಿಯಾಗುವ ಹಾಗೆ. ನಾನು ಮುಚ್ಚಿಟ್ಟ ತಪ್ಪಿಗೆ ಮರವೇ ಅಡಿಗೆರೆ ಎಳೆದಿತ್ತು.

ಬಿಚ್ಚುವ ಕೆಲಸಕ್ಕೆ ಕೈ ಹಾಕುವ ಮೊದಲು ಅಲಗಿಗೆ ರಟ್ಟು ಸುತ್ತಿ ಟೇಪು ಹಚ್ಚಬೇಕು. ಹಿಡಿಯ ಕೆಲಸದಲ್ಲಿ ಕೈ ಕೊಯ್ದುಕೊಳ್ಳುವವರು ಬಹುತೇಕ ಅಲಗನ್ನು ಮರೆತವರು. ಅನಂತರದ ಪ್ರಶ್ನೆ ಶಾಖದ್ದು. ಗಟ್ಟಿಯಾದ ಸಾಮಾನ್ಯ ಎಪಾಕ್ಸಿ ನೀರು ಕುದಿಯುವ ಬಿಸಿಗೆ ಮೊದಲೇ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಉಕ್ಕಿನ ಹದ ಇಳಿಯತೊಡಗುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನ ಆಚೆಗೆ. ಅಲಗು ನೀಲಿಗೆ ತಿರುಗುವಷ್ಟು, ಅಂದರೆ 300 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಅದು ಮೆತ್ತಗಾಗಿ, ಹರಿತ ಮೊದಲಿನಷ್ಟು ಕಾಲ ನಿಲ್ಲುವುದಿಲ್ಲ. ಈ ಎರಡರ ನಡುವೆ ಕೆಲಸ ಮಾಡಲು ಬೇಕಾದಷ್ಟು ಅವಕಾಶವಿದೆ, ಆದರೆ ಗ್ಯಾಸಿನ ಉರಿಗೆ ನೇರವಾಗಿ ಹಿಡಿದವನಿಗೆ ಅದು ತಿಳಿಯುವುದರೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಅಲಗಿಗೆ ಒದ್ದೆ ಬಟ್ಟೆಯನ್ನೂ ಸುತ್ತಿ, ಸೋಲ್ಡರಿಂಗ್ ಐರನ್ನಿನ ತುದಿಯನ್ನು ಒಂದೊಂದೇ ಹಿತ್ತಾಳೆ ಪಿನ್ನಿನ ತಲೆಗೆ ಒತ್ತಿ ಹಿಡಿದೆ. ಹಿತ್ತಾಳೆ ಶಾಖವನ್ನು ಬೇಗ ಒಳಕ್ಕೆ ಒಯ್ಯುತ್ತದೆ, ಮರ ಒಯ್ಯುವುದಿಲ್ಲ. ಹೀಗಾಗಿ ಬಿಸಿ ಬೇಕಾದಲ್ಲಿಗೇ ತಲುಪುತ್ತದೆ. ಅರ್ಧ ನಿಮಿಷ ಬಿಟ್ಟು ಪಂಚ್ ಇಟ್ಟು ತಟ್ಟಿದಾಗ ಮೊದಲ ಪಿನ್ನು ಇಷ್ಟಿಷ್ಟೇ ಜಾರಿತು. ಮೂರೂ ಹೊರಬಂದ ಮೇಲೆ ಸಂದಿಗೆ ತೆಳುವಾದ ಪುಟ್ಟಿ ಬ್ಲೇಡು ತೂರಿಸಿ ಮೆಲ್ಲಗೆ ತಿರುವಿದೆ. ಬಲಗಡೆಯ ಹಲಗೆ ಚಟ್ಟನೆ ಎದ್ದು ಬಂತು. ಎದ್ದ ರೀತಿಯೇ ಎಲ್ಲವನ್ನೂ ಹೇಳಿತು: ಅಂಟು ಹಿಡಿದಿದ್ದುದು ನಡುವಿನ ಎರಡು ಬೆರಳಗಲದಲ್ಲಿ ಮಾತ್ರ.

ಎಡಗಡೆಯ ಹಲಗೆ ಭದ್ರವಾಗಿತ್ತು, ಅದನ್ನು ಮುಟ್ಟಲಿಲ್ಲ.

ಇಷ್ಟರವರೆಗೆ ನಾನು ಉಬ್ಬಿದ ಮೈಯೊಂದೇ ತಪ್ಪೆಂದು ತಿಳಿದಿದ್ದೆ. ಬಿಚ್ಚಿದ ಹಲಗೆಯನ್ನು ಚಪ್ಪಟೆ ಮಾಡಿ, ಅಂಟಿಲ್ಲದೆ ಪಿನ್ನು ತೂರಿಸಿ ನೋಡಿದಾಗ ಮುಂದಿನ ತುದಿ ಮತ್ತೆ ಎದ್ದು ನಿಂತಿತು! ನೋಡಿದರೆ ಎಡ ಹಲಗೆಯನ್ನು ಟ್ಯಾಂಗಿಗೆ ಬಿಗಿದು ಅದರ ತೂತುಗಳ ಮೂಲಕವೇ ಕೊರೆದಿದ್ದ ನಾನು, ಬಲಗಡೆಯದನ್ನು ಪೆನ್ಸಿಲ್ ಗುರುತಿನ ಮೇಲೆ ಬೇರೆಯಾಗಿ ಕೊರೆದಿದ್ದೆ. ಮುಂದಿನ ತೂತು ಕೂದಲೆಳೆಯಷ್ಟು ಓರೆಯಾಗಿತ್ತು. ನೇರವಾದ ಪಿನ್ನು ಓರೆ ತೂತಿಗೆ ಹೋಗಬೇಕಾದರೆ ಹಲಗೆಯೇ ಏಳಬೇಕು. ಸಂದಿಯನ್ನು ಹೊಟ್ಟಿನಿಂದ ತುಂಬುವವನಿಗೆ ಇದು ಯಾವ ಕಾಲಕ್ಕೂ ತಿಳಿಯುವುದಿಲ್ಲ. ನಾನು ಬಿಚ್ಚಲೇಬೇಕು ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಓರೆ ತೂತಿಗೆ ಪರಿಹಾರವನ್ನು ಮರದಲ್ಲಿ ಹುಡುಕಬಾರದು. ಮರದ ತೂತನ್ನು ಅಗಲಿಸಿದರೆ ಪಿನ್ನಿನ ಸುತ್ತ ಕಪ್ಪು ಉಂಗುರ ಕಾಣುತ್ತದೆ, ಅದು ಜೀವಮಾನವಿಡೀ ಕಣ್ಣು ಚುಚ್ಚುತ್ತದೆ. ಉಕ್ಕಿನ ತೂತು ಎರಡು ಹಲಗೆಗಳ ನಡುವೆ ಅಡಗಿರುತ್ತದೆ. ಸಡಿಲ ಕೊಡುವುದಿದ್ದರೆ ಅಲ್ಲಿ ಕೊಡಬೇಕು. ಇಂಥ ಹಳೆಯ ಚಾಕುಗಳಲ್ಲಿ ಅಲಗಿನಷ್ಟು ಗಡಸುತನ ಟ್ಯಾಂಗಿಗೆ ಇರುವುದಿಲ್ಲ. ಹಾಗಾಗಿ ಉರುಟು ಅರದಿಂದ ನಾಲ್ಕು ಮಿಲಿಮೀಟರಿನ ತೂತನ್ನು ನಾಲ್ಕೂವರೆಯವರೆಗೆ ಹಿಗ್ಗಿಸಲು ಹತ್ತು ನಿಮಿಷ ಸಾಕಾಯಿತು. ಪಿನ್ನು ತನ್ನಷ್ಟಕ್ಕೆ ದಾರಿ ಹುಡುಕಿಕೊಂಡಿತು, ಹಲಗೆ ಕುಳಿತಿತು. ಉಕ್ಕಿನಲ್ಲಿ ಉಳಿದ ಸಡಿಲವನ್ನು ಎಪಾಕ್ಸಿ ತುಂಬುತ್ತದೆ, ಅದಕ್ಕೆ ಅಲ್ಲಿ ನೀರು ತಾಗುವ ಭಯವೂ ಇಲ್ಲ.

ಚಪ್ಪಟೆ ಮಾಡುವ ಕೆಲಸಕ್ಕೆ ಈ ಸಲ 120ರ ಉಪ್ಪುಕಾಗದವನ್ನು ಗ್ರಾನೈಟ್ ಟೈಲಿನ ಮೇಲೆ ಅಂಟಿಸಿ, ಮರವನ್ನೇ ಕಾಗದದ ಮೇಲೆ ಓಡಿಸಿದ್ದೆ. ಒಳಮೈಯ ತುಂಬ ಪೆನ್ಸಿಲಿನಿಂದ ಗೀರು ಎಳೆದು, ಗೀರು ಎಲ್ಲೆಡೆ ಒಟ್ಟಿಗೆ ಅಳಿಯುವವರೆಗೆ ನಡೆಸಿದ ಕೆಲಸ. ಅದಾದ ಮೇಲೆ ಅಂಚಿನ ಸುತ್ತ ಐದಾರು ಮಿಲಿಮೀಟರ್ ಬಿಟ್ಟು ನಡುವನ್ನು ಉಳಿಯಿಂದ ಕಾಗದದ ದಪ್ಪದಷ್ಟು ತಗ್ಗಿಸಿದೆ. ಅಂಚು ಉಕ್ಕಿಗೆ ಬಿಗಿಯಾಗಿ ಕೂರುತ್ತದೆ, ನಡುವಿನ ತಗ್ಗಿನಲ್ಲಿ ಅಂಟು ನಿಲ್ಲುತ್ತದೆ. ಕಪ್ಪು ಗೆರೆಯ ಬಹುಪಾಲು ಈ ಉಜ್ಜಾಟದಲ್ಲೇ ಹೋಯಿತು. ಟ್ಯಾಂಗಿನ ತುಕ್ಕನ್ನು ಹೊಳೆಯುವವರೆಗೆ ತೆಗೆದು, ಒರಟು ಕಾಗದದಿಂದ ಗೀರಿ, ಅಸಿಟೋನಿನಿಂದ ಒರೆಸಿದೆ. ತೇಗ ಅಥವಾ ಬೀಟೆಯಾಗಿದ್ದರೆ ಮರವನ್ನೂ ಒರೆಸಬೇಕಿತ್ತು, ಅವುಗಳ ಎಣ್ಣೆ ಅಂಟಿಗೆ ಅಡ್ಡ ಬರುತ್ತದೆ.

ಅಂಟಿನ ಅಳತೆಯಲ್ಲೂ ಒಂದು ಮಾತಿದೆ. ಅರಾಲ್ಡೈಟಿನ ದೊಡ್ಡ ಪ್ಯಾಕಿನಲ್ಲಿ 100 ಗ್ರಾಂ ರೆಸಿನ್ನಿಗೆ, ಅಂದರೆ ಮೂಲ ಅಂಟಿಗೆ, ಬೆರೆಸಿದಾಗ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 80 ಗ್ರಾಂ ಇರುವುದು ಕಂಪನಿಯ ಜಿಪುಣತನವಲ್ಲ. ಗಾತ್ರದಲ್ಲಿ ಸಮಸಮ ತೆಗೆದರೆ ತೂಕದಲ್ಲಿ ಬರುವ ಲೆಕ್ಕವೇ ಅದು. ತಕ್ಕಡಿಯಲ್ಲಿಟ್ಟು ಸಮ ತೂಗಿದವರ ಅಂಟು ಸರಿಯಾಗಿ ಗಟ್ಟಿಯಾಗದೆ ಹೋದರೆ ಆಶ್ಚರ್ಯವಿಲ್ಲ. ಕ್ಲಾಂಪುಗಳನ್ನು ಈ ಬಾರಿ ಮೂರು ಹಾಕಿದೆ, ಎರಡು ತುದಿಗೊಂದೊಂದು, ನಡುವಿಗೊಂದು. ಅಂಚಿನುದ್ದಕ್ಕೂ ಅಂಟು ಮಣಿಮಣಿಯಾಗಿ ಹೊರಬಂದ ಕೂಡಲೆ ತಿರುಗಿಸುವುದನ್ನು ನಿಲ್ಲಿಸಿದೆ. ಅಲಗಿನ ಕಡೆ ಹೊರಬಂದದ್ದನ್ನು ಹಸಿಯಿರುವಾಗಲೇ ಕಿವಿಕಡ್ಡಿಯಿಂದ ಒರೆಸಿಬಿಡಬೇಕು, ಆ ಮೂಲೆಗೆ ಆಮೇಲೆ ಯಾವ ಅರವೂ ಇಳಿಯುವುದಿಲ್ಲ. ಪೂರ್ತಿ 24 ಗಂಟೆ ಅದನ್ನು ಮುಟ್ಟಲಿಲ್ಲ.

ಹಾಗೆಂದು ಹೊಟ್ಟು ತುಂಬುವುದೇ ಮಹಾಪಾಪವೆಂದು ನಾನು ವಾದಿಸುವುದಿಲ್ಲ. ಮರದಲ್ಲೇ ಇರುವ ಸಣ್ಣ ಗಂಟಿನ ಕುಳಿ, ಪಿನ್ನಿನ ಪಕ್ಕದ ಸೂಜಿಮೊನೆಯಷ್ಟು ಚಕ್ಕೆ, ಇವಕ್ಕೆ ಅದು ತಕ್ಕ ಮದ್ದು. ಅಲ್ಲಿ ಸುತ್ತಲೂ ಮರವೇ ಇರುವುದರಿಂದ ಒಳಗೆ ನೀರು ನಿಂತು ಉಕ್ಕನ್ನು ತಿನ್ನುವ ಪ್ರಶ್ನೆಯಿಲ್ಲ. ಉಕ್ಕಿಗೂ ಮರಕ್ಕೂ ನಡುವಿನ ಸಂದು ಬೇರೆ ಜಾತಿಯದು. ಹಿಂದಿನವರು ಕತ್ತಿಯ ಹಿಡಿಯೊಳಗೆ ಅರಗು ತುಂಬುತ್ತಿದ್ದುದನ್ನು ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ: ತಲ್ವಾರಿನ ಹಿಡಿ ಸಡಿಲವಾದರೆ ಬಿಸಿ ಮಾಡಿ ಅರಗು ಕರಗಿಸಿ ಬಿಚ್ಚಿ, ಮತ್ತೆ ತುಂಬಿ ಕೂಡಿಸಬಹುದಿತ್ತು. ಎಪಾಕ್ಸಿ ಅಷ್ಟು ಸುಲಭವಾಗಿ ಮಣಿಯುವುದಿಲ್ಲ, ಅದಕ್ಕೇ ಜನ ಬಿಚ್ಚಲು ಹಿಂಜರಿದು ಹೊಟ್ಟಿನ ಮೊರೆ ಹೋಗುತ್ತಾರೆ.

ಈಗ ಹಿಡಿಗೆ ಅಗಸೆ ಎಣ್ಣೆಯ ಮೂರನೆಯ ಪದರ ಒಣಗುತ್ತಿದೆ. (ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಹರವಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿ.) ಬಲಗಡೆಯ ಹಲಗೆ ಎಡಗಡೆಯದಕ್ಕಿಂತ ಅರ್ಧ ಮಿಲಿಮೀಟರ್ ತೆಳುವಾಗಿದೆ, ಕೈಗೆ ತಿಳಿಯುವುದಿಲ್ಲ. ಮುಂದಿನ ಪಿನ್ನಿನ ಬಳಿ ಮಾತ್ರ ಉಜ್ಜಿದರೂ ಹೋಗದ ಉಗುರಿನಷ್ಟು ಕಪ್ಪು ಉಳಿದಿದೆ. ಅಮ್ಮನಿಗೆ ಫೋಟೋ ಕಳಿಸಿದೆ. ಮೊದಲು ಕೇಳಿದ್ದು ಅದನ್ನೇ.