ಜಗುಲಿಗೆ ವಿಮೆ ಉಂಟೇ?

ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿಗಳಲ್ಲಿ ಬೈಕಿಗೆ ವಿಮೆಯಿದೆ, ಎಮ್ಮೆಯ ಕಿವಿಯಲ್ಲಿ ವಿಮೆಯ ಹಳದಿ ಓಲೆಯಿದೆ, ಅಡಿಕೆ ತೋಟಕ್ಕೆ ಹವಾಮಾನ ಆಧಾರಿತ ಬೆಳೆ ವಿಮೆಯಿದೆ, ಯಜಮಾನರ ಜೀವದ ಮೇಲೂ ಒಂದೆರಡು ಪಾಲಿಸಿಗಳು ಇದ್ದೇ ಇರುತ್ತವೆ. ಇಷ್ಟನ್ನೂ ಮಳೆಯಲ್ಲಿ ನೆನೆಯದಂತೆ ಕಾಯುವ ಮನೆಗೆ ಮಾತ್ರ ಏನೂ ಇರುವುದಿಲ್ಲ. ಯಾಕೆಂದು ಕೇಳಿದರೆ, “ಅಜ್ಜ ಕಟ್ಟಿಸಿದ ಮನೆ, ಅದೆಲ್ಲಿಗೆ ಹೋಗ್ತದೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅಜ್ಜಂದಿರು ಕಟ್ಟಿಸಿದ ಮನೆಗಳೂ ಹೋದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಆದರೆ ಅದು ಕೊಡಗು, ಇದು ನಮ್ಮೂರು. ಮರುವರ್ಷದ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದ ಮೇಲಂತೂ “ಬಿದ್ದರೆ ಸರ್ಕಾರ ಕೊಡ್ತದಲ್ಲ” ಎಂಬ ಎರಡನೆಯ ಉತ್ತರವೂ ಸೇರಿಕೊಂಡಿತು. ಇಂದಿನ ಕೂಲಿ, ಸಿಮೆಂಟು, ಮರಳಿನ ದರದಲ್ಲಿ 5 ಲಕ್ಷಕ್ಕೆ ಒಂದು ಅಡುಗೆಮನೆಯೂ ಬಚ್ಚಲೂ ಎದ್ದು ನಿಂತರೆ ಅದು ಮೇಸ್ತ್ರಿಯ ಔದಾರ್ಯವೆಂದೇ ತಿಳಿಯಬೇಕು.

ನಮ್ಮ ಮನೆಗೆ ಮೊದಲ ವಿಮೆ ಬಂದದ್ದು ದೂರದೃಷ್ಟಿಯಿಂದಲ್ಲ, ಸಾಲದಿಂದ. ಹಿಂಭಾಗಕ್ಕೆ ಹೊಸ ಮಾಡು, ಎಂದರೆ ಛಾವಣಿ, ಹಾಕಿಸಲು ಹಣ ಕೊಟ್ಟ ಬ್ಯಾಂಕು ಸಹಿಗಾಗಿ ಮುಂದಿಟ್ಟ ಕಾಗದಗಳ ನಡುವೆ ಒಂದು ಬೆಂಕಿ ವಿಮೆಯನ್ನೂ ಸೇರಿಸಿ, ವರ್ಷವರ್ಷವೂ ನಮ್ಮ ಖಾತೆಯಿಂದ ಅದರ ಕಂತನ್ನು ಮುರಿದುಕೊಳ್ಳುತ್ತಿತ್ತು. ಪಾಲಿಸಿಯ ಮೂಲಪ್ರತಿ ಬ್ಯಾಂಕಿನ ಕಪಾಟಿನಲ್ಲಿ, ಪರಿಹಾರ ಬಂದರೆ ಮೊದಲ ಹಕ್ಕು ಬ್ಯಾಂಕಿನದು, ವಿಮೆಯ ಮೊತ್ತವೂ ಸಾಲದಷ್ಟೇ. ಇದರಲ್ಲಿ ಅಡಗಿರುವ ಲೆಕ್ಕ ಸಾಲ ತೀರುವವರೆಗೂ ಬಹಳ ಮಂದಿಗೆ ತಿಳಿಯುವುದಿಲ್ಲ. ಮನೆಯನ್ನು ಮತ್ತೆ ಕಟ್ಟಲು 20 ಲಕ್ಷ ಬೇಕು, ವಿಮೆ 8 ಲಕ್ಷಕ್ಕೆ ಇದೆ ಎಂದಿಟ್ಟುಕೊಳ್ಳಿ. ಬೆಂಕಿ ವಿಮೆಯ ಹಳೆಯ ಪದ್ಧತಿಯಲ್ಲಿ 1 ಲಕ್ಷದ ಹಾನಿಯಾದರೆ ಕೈಗೆ ಬರುವುದು 40 ಸಾವಿರ, ಏಕೆಂದರೆ ಉಳಿದ ಪಾಲಿಗೆ ನೀವೇ ನಿಮ್ಮ ವಿಮಾ ಕಂಪನಿ. ಇದನ್ನು ನನ್ನ ಸೋದರಮಾವನಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಎಲೆಯಡಿಕೆ ಜಗಿದು, “ಹಾಗಾದರೆ ಮನೆಯ ಯಾವ ಮೂಲೆ ಸುಟ್ಟರೆ ಪೂರ್ತಿ ಕೊಡ್ತಾರೆ, ಅದನ್ನಾದರೂ ಕೇಳಿದೆಯಾ?” ಎಂದರು.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿತು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಕಾಡ್ಗಿಚ್ಚು ಎಲ್ಲವೂ ಅದರೊಳಗೇ ಬರುತ್ತವೆ. ಜಾಗದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ, ಮನೆಯ ಒಳ ವಿಸ್ತೀರ್ಣವನ್ನು ಈಗಿನ ಕಟ್ಟುವ ಖರ್ಚಿನ ದರದಿಂದ ಗುಣಿಸಿ ಮೊತ್ತ ನಿಗದಿ ಮಾಡುತ್ತಾರೆ, ಮತ್ತು ವಿಸ್ತೀರ್ಣವನ್ನು ಸರಿಯಾಗಿ ಹೇಳಿದ್ದರೆ ಮೇಲೆ ಹೇಳಿದ 40 ಸಾವಿರದ ಲೆಕ್ಕವನ್ನು ತೆಗೆಯುವುದಿಲ್ಲ. ಕಂತು ಕೂಡ ನಮ್ಮ ಬೈಕಿಗೆ ಕಟ್ಟುವುದಕ್ಕಿಂತ ಕಡಿಮೆ. ಇಷ್ಟನ್ನೂ ಓದಿ ಸಂತೋಷಗೊಂಡು ಪಕ್ಕದ ಮನೆಯ ಹುಡುಗನನ್ನು ಕರೆಸಿದೆ. ಅವನು ಪೇಟೆಯಲ್ಲಿ ವಿಮಾ ಏಜೆಂಟನಾಗಿದ್ದಾನೆ. ಅವನು ಬಂದ ಮೇಲೆಯೇ ನಮ್ಮದು ಎಂಥ ವಿಚಿತ್ರವಾದ ಕಟ್ಟಡ ಎಂಬುದು ನಮಗೆ ಗೊತ್ತಾದದ್ದು.

“ಅಣ್ಣಾ, ಇದು ಯಾರ ಹೆಸರಲ್ಲಿದೆ?” ಎಂಬುದು ಅವನ ಮೊದಲ ಪ್ರಶ್ನೆ. ಅಜ್ಜ ತೀರಿಕೊಂಡು ದಶಕಗಳಾದರೂ ಪಂಚಾಯಿತಿಗೆ ಮನೆ ತೆರಿಗೆ ಕಟ್ಟುವುದನ್ನು ಅವರು ನಿಲ್ಲಿಸಿರಲಿಲ್ಲ. ರಸೀದಿ ಆಗಲೂ ಅವರ ಹೆಸರಿಗೇ ಬರುತ್ತಿತ್ತು. ವಿಮೆ ಮಾಡಿಸುವವನಿಗೆ ಆಸ್ತಿಯಲ್ಲಿ ಹಕ್ಕೋ ಹಿತವೋ ಇರಬೇಕು ಎಂಬ ನಿಯಮ ನ್ಯಾಯವಾದದ್ದೇ, ಇಲ್ಲವಾದರೆ ಊರಿನ ಅರ್ಧ ಮಂದಿ ದಾಯಾದಿಗಳ ಮನೆಗೆ ಬೆಂಕಿ ವಿಮೆ ಮಾಡಿಸುತ್ತಿದ್ದರು. ಬೆಂಗಳೂರಿನ ಚಿಕ್ಕಪ್ಪಂದಿರ ಒಪ್ಪಿಗೆ ಪಡೆದು, ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಕೈಸೇರುವಷ್ಟರಲ್ಲಿ ಒಂದು ಮಳೆಗಾಲ ಕಳೆದುಹೋಯಿತು. ಆ ಕಥೆ ಹೇಳಹೊರಟರೆ ವಿಮೆಯ ಮಾತು ಅಲ್ಲಿಗೇ ನಿಂತೀತು.

ನಿಜವಾದ ತಕರಾರು ಹುಟ್ಟಿದ್ದು ಅಳತೆಯ ಟೇಪು ಬಿಚ್ಚಿದಾಗ. ಪಾಲಿಸಿಯ ವ್ಯಾಖ್ಯೆಯ ಪ್ರಕಾರ ಒಳ ವಿಸ್ತೀರ್ಣದಲ್ಲಿ ಹೊರಗೋಡೆಯ ದಪ್ಪ ಸೇರುವುದಿಲ್ಲ, ಜಗುಲಿ ಸೇರುವುದಿಲ್ಲ, ತೆರೆದ ತಾರಸಿ ಸೇರುವುದಿಲ್ಲ. ಮಲೆನಾಡಿನ ಮನೆಯಲ್ಲಿ ಖರ್ಚಾಗುವುದೇ ಗೋಡೆಯ ದಪ್ಪಕ್ಕೆ, ಬದುಕುವುದೇ ಜಗುಲಿಯಲ್ಲಿ. ನೆಂಟರು ಕೂರುವುದು, ಅಡಿಕೆ ಸುಲಿಯುವವರು ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಹರಟುವುದು, ಮದುವೆಯ ಮಾತುಕತೆ ಮುರಿಯುವುದು, ಸೆಕೆಗಾಲದಲ್ಲಿ ಚಾಪೆ ಹಾಸಿ ಮಲಗುವುದು, ಎಲ್ಲಕ್ಕೂ ಅದೇ ಜಗುಲಿ. ಅದನ್ನು ಬಿಟ್ಟು ಅಳೆದರೆ ನಮ್ಮ ಮನೆ ಅಡುಗೆಮನೆಯೂ ದೇವರಕೋಣೆಯೂ ಕೂಡಿದ ಒಂದು ಗೂಡಾಗಿ ಉಳಿಯಿತು. ಜಗುಲಿಗೆ ವಿಮೆಯೇ ಇಲ್ಲವೇ ಎಂದು ಗಾಬರಿಯಿಂದ ಕೇಳಿದಾಗ ಅವನು ಪುಟ ತಿರುವಿ, “ಉಂಟು ಅಣ್ಣಾ, ಹೆಚ್ಚುವರಿ ಕಟ್ಟಡ ಅಂತ ಬೇರೆಯಾಗಿ ಬರೆಯಬೇಕು” ಎಂದ. ಮನೆಯ ಮುಖ್ಯ ಭಾಗವನ್ನು ಹೆಚ್ಚುವರಿ ಎಂದು ಬರೆದು, ಅದರ ಖರ್ಚನ್ನು ಪ್ರತ್ಯೇಕವಾಗಿ ನಮೂದಿಸಿದೆವು.

ಆ ಹೆಚ್ಚುವರಿ ಪಟ್ಟಿಯನ್ನು ಓದುವುದೇ ಒಂದು ಸೊಗಸು. ಕಾಂಪೌಂಡ್ ಗೋಡೆ, ಗೇಟು, ನೀರಿನ ಟ್ಯಾಂಕು, ಸೌರ ಫಲಕ, ಕಾರು ನಿಲ್ಲಿಸುವ ಜಾಗ ಎಲ್ಲವೂ ಅದರಲ್ಲಿವೆ. ಗೋಬರ್ ಗ್ಯಾಸ್ ಘಟಕವೂ ಇದೆ. ಆದರೆ ಆ ಘಟಕಕ್ಕೆ ಸಗಣಿ ಒದಗಿಸುವ ಕೊಟ್ಟಿಗೆಯ ಹೆಸರಿಲ್ಲ. ವಾಸಕ್ಕೆ ಬಳಸುವ ಹೊರಮನೆಗಳಿಗೆ ಅವಕಾಶವಿದೆ ಎಂದು ಓದಿದಾಗ ನಾನು ಹಿಗ್ಗಿ, ಕೊಟ್ಟಿಗೆಯೂ ವಾಸಕ್ಕೇ ಬಳಕೆಯಾಗುತ್ತಿದೆ, ವಾಸಿಸುವವರು ಯಾರೆಂದು ಫಾರಂನಲ್ಲಿ ಕೇಳಿಲ್ಲವಲ್ಲ ಎಂದು ವಾದಿಸಿ ನೋಡಿದೆ. ಹುಡುಗ ಗಂಭೀರವಾಗಿ, “ಅವುಗಳಿಗೆ ಬೇರೆ ಪಾಲಿಸಿ, ಓಲೆ ಇದ್ದರೆ ಮಾತ್ರ” ಎಂದ. ಓಲೆ ಕಳೆದುಹೋದ ದನಕ್ಕೆ ಪರಿಹಾರವಿಲ್ಲ ಎಂಬುದು ಜಾನುವಾರು ವಿಮೆಯ ಮೊದಲ ಸೂತ್ರ. ನಮ್ಮ ಗೌರಿಯಾದರೋ ಬೇಲಿಗೆ ತಲೆ ತೂರಿಸಿ ಕಿವಿ ಹರಿದುಕೊಳ್ಳುವುದನ್ನೇ ಹವ್ಯಾಸ ಮಾಡಿಕೊಂಡಿದೆ.

ಮುಂದಿನ ಪ್ರಶ್ನೆ, ಕಟ್ಟಡ ಪಕ್ಕಾವೋ ಕಚ್ಚಾವೋ ಎಂಬುದು. ಹಲಗೆ, ಹುಲ್ಲು, ಎಲೆ, ಬಿದಿರು, ಟಾರ್ಪಾಲು ಇತ್ಯಾದಿಗಳ ಗೋಡೆಯೋ ಮಾಡೋ ಇದ್ದರೆ ಅದು ಕಚ್ಚಾ. ನಮ್ಮದು ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು; ಏಪ್ರಿಲ್‌ನಲ್ಲಿ ನೋಡಿದರೆ ಯಾರೂ ಪಕ್ಕಾ ಎನ್ನುತ್ತಾರೆ. ಆದರೆ ಜೂನ್ ಬರುವಷ್ಟರಲ್ಲಿ ಇರಚಲು ಹೊಡೆಯದಂತೆ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಜಗುಲಿಯ ಮುಂದೆ ನೀಲಿ ಟಾರ್ಪಾಲು ಇಳಿಬಿಟ್ಟು, ಕಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹೊದೆಸಿದ ಮೇಲೆ ನಮ್ಮ ಮನೆಯನ್ನು ನಾವೇ ಗುರುತಿಸುವುದು ಕಷ್ಟ. ಬಿಸಿಲಿರುವಾಗಲೇ ಫೋಟೋ ತೆಗೆದು ಕಳಿಸಬೇಕೆಂಬ ಏಜೆಂಟನ ಸಲಹೆಯಲ್ಲಿ ವಂಚನೆಯೇನೂ ಇಲ್ಲ, ಅನುಭವವಿದೆ.

ಒಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, 10 ಲಕ್ಷ ಮೀರದಂತೆ, ತಾನಾಗಿಯೇ ವಿಮೆ ಸಿಗುತ್ತದೆ. ಹಂಡೆ, ಕಡಾಯಿ, ಮಂಚ, ಕಪಾಟುಗಳಿಗೆ ಇದು ಧಾರಾಳ. ಆದರೆ ನಮ್ಮ ಅಟ್ಟದ ಮೇಲೆ ದರ ಏರಲೆಂದು ಕಾದು ಕುಳಿತ ಅಡಿಕೆ ಮೂಟೆಗಳಿರುತ್ತವೆ. ಕ್ವಿಂಟಲ್‌ಗೆ ಹತ್ತಾರು ಸಾವಿರದಲ್ಲಿ ಓಡಾಡುವ ಸರಕು ಅದು. ಒಳ್ಳೆಯ ವರ್ಷದಲ್ಲಿ ಅಟ್ಟದ ಬೆಲೆ ಕೆಳಗಿನ ಮನೆಯ ಬೆಲೆಯನ್ನು ಮೀರುತ್ತದೆ. ವಿಮೆಯ ಕಣ್ಣಿಗೆ ಅದು ಗೃಹೋಪಯೋಗಿ ವಸ್ತುವಲ್ಲ, ವ್ಯಾಪಾರದ ದಾಸ್ತಾನು. ಅದಕ್ಕೆ ಸೂಕ್ಷ್ಮ ಉದ್ಯಮದ ಇನ್ನೊಂದು ಪಾಲಿಸಿ ನೋಡಬೇಕು. ಕಳ್ಳತನದ ಕಲಮು ಇದಕ್ಕಿಂತಲೂ ನಾಜೂಕು. ಬೆಂಕಿಯೋ ನೆರೆಯೋ ಬಂದ 7 ದಿನಗಳೊಳಗೆ, ಅದೇ ಗಲಾಟೆಯಲ್ಲಿ ಕದ್ದರೆ ಮಾತ್ರ ಗೃಹ ರಕ್ಷಾದಲ್ಲಿ ಪರಿಹಾರವಿದೆ. ಕಳ್ಳನಾದವನು ಪಂಚಾಂಗ ನೋಡಿಯೇ ಹೊರಡಬೇಕು.

ಸಿಡಿಲಿನ ವಿಷಯದಲ್ಲಿ ನಾನು ಇಂದಿಗೂ ಸಮಾಧಾನಗೊಂಡಿಲ್ಲ. ಬೆಂಕಿ ವಿಮೆಯ ಪಟ್ಟಿಯಲ್ಲಿ ಪರಿಹಾರ ಸಿಗುವ ಅಪಾಯವಾಗಿ ಸಿಡಿಲು ಆರಂಭದಲ್ಲೇ ಕಾಣಿಸಿಕೊಳ್ಳುತ್ತದೆ. ಹೊರತುಪಡಿಸಿದ ಪಟ್ಟಿಗೆ ಬಂದರೆ, ಶಾರ್ಟ್ ಸರ್ಕ್ಯೂಟ್, ಹೆಚ್ಚಿನ ವಿದ್ಯುತ್ ಒತ್ತಡ ಮೊದಲಾದವುಗಳಿಂದ ಸುಟ್ಟ ಯಂತ್ರಕ್ಕೆ, ಕಾರಣ ಏನೇ ಇರಲಿ, ಪರಿಹಾರವಿಲ್ಲ ಎಂದು ಬರೆದು, ಕಂಸದೊಳಗೆ ‘ಸಿಡಿಲೂ ಸೇರಿದಂತೆ’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿರುತ್ತಾರೆ. ಅಂದರೆ ಸಿಡಿಲು ಗೋಡೆಯನ್ನು ಸೀಳಿದರೆ ಹಣವುಂಟು, ತಂತಿ ಹಿಡಿದು ಸಭ್ಯವಾಗಿ ಒಳಗೆ ಬಂದು ಟಿವಿ, ಫ್ರಿಜ್ಜು, ಪಂಪಿನ ಸ್ಟಾರ್ಟರುಗಳನ್ನು ಮುಗಿಸಿದರೆ ಇಲ್ಲ. ನಮ್ಮೂರಿನ ಸಿಡಿಲುಗಳು ಬಹುಮಟ್ಟಿಗೆ ಸಭ್ಯವಾದವು.

ಇಷ್ಟೆಲ್ಲ ತಯಾರಿಯ ನಂತರ ಒಂದು ಆಷಾಢದ ಗಾಳಿಗೆ ಹಲಸಿನ ಮರದ ದೊಡ್ಡ ಕೊಂಬೆ ಅಡುಗೆಮನೆಯ ಮಾಡಿನ ಮೇಲೆ ಮಲಗಿತು. ಮರ ಬೀಳುವುದು ಪಾಲಿಸಿಯಲ್ಲಿ ಸ್ಪಷ್ಟವಾಗಿದೆ; ನಾವು ಬಹುತೇಕ ಸಂತೋಷದಿಂದಲೇ ಕಂಪನಿಗೆ ಫೋನು ಮಾಡಿದೆವು. ಹಾನಿ ಅಂದಾಜು ಮಾಡುವ ಸರ್ವೇಯರು ಬರುವವರೆಗೆ ಏನನ್ನೂ ಮುಟ್ಟಬೇಡಿ ಎಂದು ಅತ್ತಲಿನ ದನಿ ವಿನಯದಿಂದ ಹೇಳಿತು. ಇತ್ತ ಒಲೆಯ ಮೇಲೆಯೇ ಮಳೆ ಸುರಿಯುತ್ತಿತ್ತು. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವನ ಕರ್ತವ್ಯ ಎಂದು ಅದೇ ಪಾಲಿಸಿ ಇನ್ನೊಂದು ಪುಟದಲ್ಲಿ ಹೇಳುತ್ತದೆಯಾದ್ದರಿಂದ, ನಾವು ಆ ಪುಟವನ್ನು ನಂಬಿ ಕೊಂಬೆ ಕಡಿದು ಟಾರ್ಪಾಲು ಹೊದೆಸಿದೆವು. ಅದಕ್ಕೂ ಮೊದಲು ಸಾಕ್ಷಿಗಾಗಿ ಅಣ್ಣನ ಮಗನಿಗೆ ಫೋಟೋ ತೆಗೆಯಲು ಹೇಳಿದ್ದೆ. ಅವನು ತೆಗೆದ ಚಿತ್ರಗಳಲ್ಲಿ ಮುರಿದ ಮಾಡಿನ ಮುಂದೆ ಮನೆಯವರೆಲ್ಲ ಸಾಲಾಗಿ ನಿಂತು, ಗೃಹಪ್ರವೇಶದ ದಿನದಂತೆ ನಗುತ್ತಿದ್ದರು.

ಸರ್ವೇಯರು ಬಂದಾಗ ಅಮ್ಮ, “ಬನ್ನಿ, ಕೈಕಾಲು ತೊಳೆದುಕೊಳ್ಳಿ, ಆಸರಿಗೆ ಏನು ಮಾಡಲಿ?” ಎಂದು ಸ್ವಾಗತಿಸಿದರು. ಅವರು ಮಜ್ಜಿಗೆಯ ಲೋಟ ಹಿಡಿದು ಸುತ್ತ ನೋಡುತ್ತಿದ್ದಂತೆ, ಕೇಳದೆಯೇ ಅಮ್ಮ ವಿವರ ಕೊಟ್ಟರು. “ಈ ಕೊಂಬೆ ಒಂದಲ್ಲ ಒಂದು ದಿನ ಮಾಡಿನ ಮೇಲೆ ಬೀಳ್ತದೆ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಾ ಇದ್ದೆ ಗೊತ್ತುಂಟಾ? ಕಡಿಸಲೇ ಇಲ್ಲ ಇವನು.” ಕಡಿಯಲು ಆಳು ಬಂದಾಗಲೆಲ್ಲ ಹಪ್ಪಳದ ಮರ, ಮುಟ್ಟಬೇಡಿ ಎಂದು ಹಿಂದೆ ಕಳಿಸಿದವರು ಅವರೇ ಎಂಬುದನ್ನು ಆ ಹೊತ್ತಿನಲ್ಲಿ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸರ್ವೇಯರು ಪೆನ್ನು ನಿಲ್ಲಿಸಿ ನನ್ನತ್ತ ನೋಡಿ, ಒಂದು ಕ್ಷಣದ ನಂತರ, “ಗಾಳಿ ಯಾವ ಕಡೆಯಿಂದ ಬೀಸಿತು?” ಎಂದಷ್ಟೇ ಕೇಳಿದರು. ಒಳ್ಳೆಯ ಮನುಷ್ಯ.

ಒಳ್ಳೆಯತನ ಹೆಂಚಿನ ಮುಂದೆ ನಡೆಯಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಈ ಹೆಂಚಿನ ಉದ್ಯಮದ ಎಷ್ಟೋ ಕಾರ್ಖಾನೆಗಳು ಈಗ ಬಾಗಿಲು ಮುಚ್ಚಿವೆ. ನಮ್ಮ ಮಾಡಿನ ಹೆಂಚನ್ನು ಮಾಡಿದ ಕಾರ್ಖಾನೆಯೂ ಹಾಗೆಯೇ ಹೋಯಿತು. ಹೊಸ ಹೆಂಚಿನ ಅಂಚು ಹಳೆಯದರ ಅಂಚಿನೊಳಗೆ ಕೂರುವುದಿಲ್ಲ, ಬಲವಂತ ಮಾಡಿದರೆ ಎರಡರ ನಡುವೆ ನೀರಿಳಿಯುತ್ತದೆ. ಆದ್ದರಿಂದ ಆ ಇಳಿಜಾರನ್ನೇ ಪೂರ್ತಿ ಬದಲಿಸಬೇಕೆಂದು ಮೇಸ್ತ್ರಿ ಹೇಳಿದರು, ಒಡೆದ ಹೆಂಚುಗಳಿಗೆ ಮಾತ್ರ ಹಣವೆಂದು ಕಂಪನಿ ಹೇಳಿತು. ಮಾಡಿನ ಮುರಿದ ಮರಮಟ್ಟಾದ ಪಕಾಸಿ, ರೀಪುಗಳ ಉಳಿಕೆ ಬೆಲೆಯನ್ನು ಕಳೆಯಬೇಕು, ಅವನ್ನು ತೋರಿಸಿ ಎಂದೂ ಕೇಳಿತು. ಅವು ಆಗಲೇ ಬಚ್ಚಲ ಒಲೆಯಲ್ಲಿ ಉರಿದು, ಸರ್ವೇಯರು ಕೈಕಾಲು ತೊಳೆದ ಬಿಸಿನೀರಾಗಿದ್ದವು. ಪತ್ರಗಳ ಮೇಲೆ ಪತ್ರ ಬರೆದು, ಹಳೆಯ ಮತ್ತು ಹೊಸ ಹೆಂಚನ್ನು ಒಂದರ ಮೇಲೊಂದಿಟ್ಟು, ನಡುವಿನ ಸಂದಿಯಲ್ಲಿ ಬೆರಳು ತೂರಿಸಿದ ಫೋಟೋ ಕಳಿಸಿದ ಮೇಲೆ ಕೊನೆಗೂ ಇಳಿಜಾರಿನ ಬಹುಪಾಲು ಖರ್ಚು ಬಂದಿತು. ಈ ಬಾರಿ ಫೋಟೋದಲ್ಲಿ ಬೆರಳಲ್ಲದೆ ಬೇರೆ ಯಾರೂ ಬರದಂತೆ ನೋಡಿಕೊಂಡಿದ್ದೆವು.

ವಿಮೆ ಮಾಡಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ನವೀಕರಣದ ತಾರೀಖು ಮೃಗಶಿರ ಮಳೆಯ ಹೊತ್ತಿಗೆ ಬರುತ್ತಿತ್ತು. ಕಂಪನಿಯವರು ನೆನಪಿಸುವುದು ಫೋನಿನ ಸಂದೇಶದ ಮೂಲಕ. ನಮ್ಮಲ್ಲಿ ಮೊದಲ ಗಾಳಿಗೇ ಕರೆಂಟು ಹೋಗಿ, ಅದರ ಹಿಂದೆ ಟವರಿನ ಬ್ಯಾಟರಿ ಸತ್ತು, ಸಂದೇಶಗಳೆಲ್ಲ ಒಟ್ಟಿಗೆ ಬಂದು ಬೀಳುವಾಗ ಅವಧಿ ಮುಗಿದಿರುತ್ತದೆ. ಗೃಹ ರಕ್ಷಾವನ್ನು 10 ವರ್ಷದವರೆಗೂ ಒಟ್ಟಿಗೆ ಮಾಡಿಸಬಹುದು, ಕಟ್ಟಡದ ಮೊತ್ತವೂ ವರ್ಷಕ್ಕೆ ಶೇಕಡಾ 10ರಂತೆ ತಾನೇ ಏರುತ್ತ ಹೋಗುತ್ತದೆ ಎಂದು ತಿಳಿದ ಮೇಲೆ, ಅಡಿಕೆ ಮಾರಿದ ಕೈಯಲ್ಲೇ ದೀರ್ಘಾವಧಿಯದನ್ನು ಮಾಡಿಸಲು ಹೊರಟಿದ್ದೇನೆ. ಮೇಲೆ ಶೇಕಡಾ 18ರ ಜಿಎಸ್‌ಟಿ ಇದ್ದೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗಳ ಮೇಲಿನ ತೆರಿಗೆ ತೆಗೆದಾಗ ಮನೆಯ ನೆನಪು ದೆಹಲಿಯಲ್ಲೂ ಯಾರಿಗೂ ಬರಲಿಲ್ಲ.

ಈಗ ಉಳಿದಿರುವುದು ಮಂಗಗಳ ಪ್ರಶ್ನೆ. ಹೊರಗಿನ ವಸ್ತು ಬಡಿದು ಆಗುವ ಹಾನಿಗೆ ಪರಿಹಾರವಿದೆ ಎನ್ನುವ ಪಾಲಿಸಿ, ಉದಾಹರಣೆಗೆ ವಾಹನ, ಬೀಳುವ ಮರ, ವಿಮಾನ ಎಂದು ಹೆಸರಿಸುತ್ತದೆ. ನಮ್ಮ ಮಾಡಿನ ಮೇಲೆ ಇದುವರೆಗೆ ವಿಮಾನ ಬಿದ್ದಿಲ್ಲ. ಮಂಗಗಳು ಪ್ರತಿದಿನ ಬೆಳಿಗ್ಗೆ ತೆಂಗಿನ ಮರದಿಂದ ಬೀಳುತ್ತವೆ, ಒಂದೊಂದು ಸಲ ಎಳನೀರಿನ ಸಮೇತ. ಮಾಡಿಗೆ ಬಡಿದ ಮಂಗ ಹೊರಗಿನ ವಸ್ತು ಹೌದೋ ಅಲ್ಲವೋ ಎಂದು ಏಜೆಂಟನನ್ನು ಕೇಳಿದೆ. ಅವನು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, “ಮಂಗ ಅಂತ ಬರೆಯಬೇಡಿ ಅಣ್ಣಾ, ಬರೀ ತೆಂಗಿನಕಾಯಿ ಬಿತ್ತು ಅಂತ ಬರೆಯಿರಿ” ಎಂದ. ಸಲಹೆಯೇನೋ ಚೆನ್ನಾಗಿತ್ತು. ಆದರೆ ಸರ್ವೇಯರು ಬಂದರೆ ಆಸರಿಗೆ ಕೊಡುವವರು ಅಮ್ಮನೇ ಆದ್ದರಿಂದ, ಅರ್ಜಿಯಲ್ಲಿ ಮಂಗ ಎಂದೇ ಬರೆದಿದ್ದೇನೆ.