ಪಕ್ಕದ ಮೇಷ್ಟ್ರ ಪಾಠ ನೋಡೋರು ಯಾರು?

ಮಗಳ ಶಾಲೆಯಿಂದ ಒಂದು ಚೀಟಿ ಬಂದಿತ್ತು. ಮುಂದಿನ ವಾರ ಒಂದು ದಿನ ಊಟ ಆದ ಕೂಡಲೇ ಮಕ್ಕಳನ್ನೆಲ್ಲ ಮನೆಗೆ ಕಳಿಸುತ್ತಾರೆ, ನಾಲ್ಕನೇ ಕ್ಲಾಸಿನ ಒಂದು ಸೆಕ್ಷನ್ ಮಾತ್ರ ಉಳಿಯಬೇಕು ಅಂತ. ಆ ಸೆಕ್ಷನ್ ನಮ್ಮ ಮಗಳದ್ದೇ. "ಏನು ಕಿತಾಪತಿ ಮಾಡಿದ್ರೇ ಎಲ್ಲಾ ಸೇರಿಕೊಂಡು?" ಅಂತ ನನ್ನ ಹೆಂಡತಿ ಅವಳನ್ನು ಹಿಡಿದುಕೊಂಡಳು. "ನಾವೇನೂ ಮಾಡಿಲ್ಲಮ್ಮ. ನಮ್ಮ ಮೇಷ್ಟ್ರು ಪಾಠ ಮಾಡೋದನ್ನ ನೋಡೋಕೆ ಬೇರೆ ಮೇಷ್ಟ್ರುಗಳೆಲ್ಲ ಬರ್ತಾರೆ" ಅಂದಳು ಮಗಳು. ಇದರಲ್ಲಿ ಕೇಳೋಕೆ ಏನಿದೆ ಅನ್ನುವ ಮುಖ.

ನಾವಿರುವುದು ಟೋಕಿಯೋದ ಎದೊಗಾವಾ ವಾರ್ಡಿನಲ್ಲಿ, ಇಂಡಿಯಾದವರು ಜಾಸ್ತಿ ಇರುವ ನಿಶಿಕಸಾಯಿ ಪಕ್ಕ. ಮಗಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಹಾಕಿದ್ದೇವೆ. ಊರಲ್ಲಿ ಈ ಮಾತು ಹೇಳಿದರೆ ಪಾಪ ಏನು ಕಷ್ಟವೋ ಅನ್ನುವ ಹಾಗೆ ನೋಡುತ್ತಾರೆ, ಅದು ಬೇರೆ ವಿಷಯ. ನನ್ನ ಅಕ್ಕ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆ ಟೀಚರ್. ಮೇಷ್ಟ್ರ ತರಬೇತಿ ಅಂದರೆ ಏನು ಅನ್ನುವುದು ನನಗೆ ಅವಳ ಬಾಯಲ್ಲಿ ಕೇಳಿಯೇ ಗೊತ್ತು. ಹಾಗಾಗಿ ಆ ದಿನ ಪಿಟಿಎ (ಪೋಷಕರ ಮತ್ತು ಮೇಷ್ಟ್ರ ಸಂಘ) ಕಡೆಯಿಂದ ಬಾಗಿಲಲ್ಲಿ ನಿಲ್ಲೋಕೆ ಜನ ಬೇಕು ಅಂದಾಗ ನಾನೇ ಹೆಸರು ಕೊಟ್ಟೆ. ಬಂದವರ ಶೂ ಇಟ್ಟುಕೊಳ್ಳಲು ಪ್ಲಾಸ್ಟಿಕ್ ಕವರ್ ಕೊಡುವ ಕೆಲಸ.

ವಾರ್ಡಿನ ಬೇರೆ ಶಾಲೆಗಳಿಂದಲೂ ಮೇಷ್ಟ್ರುಗಳು ಬಂದಿದ್ದರು. ಎಲ್ಲರ ಚೀಲದಲ್ಲೂ ಅವರವರದೇ ಚಪ್ಪಲಿ, ಕೈಯಲ್ಲಿ ಆವತ್ತಿನ ಪಾಠದ ಯೋಜನೆ. ಆ ಹಾಳೆಯ ಒಂದು ಪ್ರತಿ ನನಗೂ ಸಿಕ್ಕಿತು. ಗಣಿತದ ಪಾಠ: ಮಕ್ಕಳಿಗೆ ಆಯತದ ವಿಸ್ತೀರ್ಣ ಗೊತ್ತು, ಈಗ ಎಲ್ ಅಕ್ಷರದ ಆಕಾರ ಕೊಟ್ಟು ಅದರ ವಿಸ್ತೀರ್ಣ ಕೇಳಬೇಕು. ಹಾಳೆಯಲ್ಲಿ ಮೇಷ್ಟ್ರು ಏನು ಹೇಳುತ್ತಾರೆ ಅನ್ನುವುದು ಸ್ವಲ್ಪ. ಮಕ್ಕಳು ಏನೇನು ಮಾಡಬಹುದು ಅನ್ನುವುದೇ ಜಾಸ್ತಿ. ಕೆಲವರು ಎರಡು ತುಂಡು ಮಾಡಿ ಕೂಡುತ್ತಾರೆ. ಕೆಲವರು ದೊಡ್ಡ ಆಯತ ಅಂದುಕೊಂಡು ಇಲ್ಲದ ಮೂಲೆಯನ್ನು ಕಳೆಯುತ್ತಾರೆ. ಒಬ್ಬಿಬ್ಬರು ಒಂದು ತುಂಡನ್ನು ಕತ್ತರಿಸಿ ಇನ್ನೊಂದು ಕಡೆ ಜೋಡಿಸುತ್ತಾರೆ. ಕೆಲವರು ಸುತ್ತಳತೆ ಅಂದುಕೊಂಡು ಬದಿಗಳನ್ನೆಲ್ಲ ಕೂಡಿಬಿಡುತ್ತಾರೆ. ಹಾಗೆ ಬದಿ ಕೂಡಿದವರಿಗೆ ಆಗ ಏನು ಕೇಳಬೇಕು ಅನ್ನುವುದನ್ನೂ ಮೊದಲೇ ಬರೆದಿಟ್ಟುಕೊಂಡಿದ್ದರು.

ಇದಕ್ಕೆ ಇಲ್ಲಿ ಜುಗ್ಯೋ ಕೆನ್‌ಕ್ಯೂ ಅನ್ನುತ್ತಾರೆ, ಅಂದರೆ ಪಾಠದ ಅಧ್ಯಯನ. ಮೇಜಿ ಚಕ್ರವರ್ತಿಯ ಕಾಲದಿಂದ ಬಂದದ್ದು, ನೂರು ವರ್ಷಕ್ಕೂ ಹಳೆಯ ರೂಢಿ. ನಾಲ್ಕೈದು ಮೇಷ್ಟ್ರುಗಳು ವಾರಗಟ್ಟಲೆ ಕೂತು ಒಂದೇ ಒಂದು ಪಾಠ ಕಟ್ಟುತ್ತಾರೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ನೋಡುತ್ತಾರೆ, ಆಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ. ಮೇಷ್ಟ್ರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇಲ್ಲೂ ಇದೆ. ಹೋದವರು ಹೋದ ಕಡೆ ಈ ರೂಢಿಯನ್ನೂ ಹೊತ್ತುಕೊಂಡು ಹೋಗುತ್ತಾರೆ.

ಪಾಠ ಶುರುವಾಯಿತು. ಪಾಠ ಮಾಡಿದವರು ಇನ್ನೂ ಹುಡುಗ, ಮೊದಲ ಐದು ನಿಮಿಷ ದನಿ ನಡುಗುತ್ತಿತ್ತು. ಗೋಡೆ ಉದ್ದಕ್ಕೂ ಮೇಷ್ಟ್ರುಗಳು ನಿಂತಿದ್ದರು. ನಾನು ಕಾರಿಡಾರಿನ ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟು ಜನ ಬಂದಿದ್ದರಲ್ಲ, ಅವರಲ್ಲಿ ಹೆಚ್ಚಿನವರು ಪಾಠ ಮಾಡುವವರ ಕಡೆ ನೋಡುತ್ತಲೇ ಇರಲಿಲ್ಲ. ಕೈಯಲ್ಲಿ ಯಾವ ಮಗು ಎಲ್ಲಿ ಕೂತಿದೆ ಅನ್ನುವ ನಕ್ಷೆ. ಒಬ್ಬೊಬ್ಬರೂ ಇಬ್ಬರು ಮೂವರು ಮಕ್ಕಳನ್ನು ಹಂಚಿಕೊಂಡಿದ್ದರು. ಐವತ್ತು ದಾಟಿದ ಒಬ್ಬ ಟೀಚರಮ್ಮ ಒಬ್ಬ ಹುಡುಗನ ಪಕ್ಕ ಮಂಡಿ ಊರಿ ಕೂತು, ಅವನು ಬರೆದದ್ದನ್ನಷ್ಟೇ ಅಲ್ಲ, ರಬ್ಬರಿನಲ್ಲಿ ಅಳಿಸಿದ್ದನ್ನೂ ಬರೆದುಕೊಳ್ಳುತ್ತಿದ್ದರು. ಕಪ್ಪು ಹಲಗೆಯನ್ನು ಕೊನೆಯವರೆಗೂ ಒರೆಸಲಿಲ್ಲ. ಎಡದಿಂದ ಬಲಕ್ಕೆ ಇಡೀ ಪಾಠ ಅದರ ಮೇಲೆ ಹಾಗೇ ಇತ್ತು, ಮಕ್ಕಳ ತಪ್ಪು ಲೆಕ್ಕವೂ ಸೇರಿ.

ಆಮೇಲಿನ ಸಭೆ ಇನ್ನೂ ಚೆನ್ನಾಗಿತ್ತು. ಮೊದಲು ಪಾಠ ಮಾಡಿದವರೇ ಎದ್ದು ನಿಂತು, ಅಂದುಕೊಂಡದ್ದು ಎಲ್ಲಿ ಆಗಲಿಲ್ಲ ಅಂತ ಹೇಳಿದರು. ಆಮೇಲೆ ಆ ಟೀಚರಮ್ಮ. "ನಾನು ನೋಡಿದ ಹುಡುಗ ಮೊದಲು ಒಂದೊಂದೇ ಚೌಕ ಎಣಿಸುತ್ತಿದ್ದ. ಆಮೇಲೆ ಎಲ್ಲ ಅಳಿಸಿ, ಪಕ್ಕದವಳ ಹಾಗೆ ನಡುವೆ ಗೆರೆ ಎಳೆದ. ತಿಳಿದು ಎಳೆದನಾ, ನೋಡಿ ಎಳೆದನಾ?" ಇಷ್ಟೇ ಪ್ರಶ್ನೆ. ಇದೊಂದರ ಮೇಲೆ ಎಷ್ಟು ಹೊತ್ತು ಚರ್ಚೆ ಮಾಡಿದರು ಅಂದರೆ, ಬಾಗಿಲಲ್ಲಿ ನಿಂತ ನನಗೇ ಆ ಹುಡುಗನ ಮೇಲೆ ಅಕ್ಕರೆ ಬಂದುಬಿಟ್ಟಿತು. ಕೊನೆಗೆ ವಿಶ್ವವಿದ್ಯಾಲಯದಿಂದ ಬಂದ ಪ್ರೊಫೆಸರ್ ಒಬ್ಬರು ಉದ್ದುದ್ದ ಮಾತಾಡಿದರು. ಅದರಲ್ಲಿ ಮಾತ್ರ ನಮಗೂ ಅವರಿಗೂ ಏನೂ ವ್ಯತ್ಯಾಸ ಇಲ್ಲ.

ನಮ್ಮಲ್ಲಿ ತರಬೇತಿ ಕಡಿಮೆಯಾ? ಖಂಡಿತ ಇಲ್ಲ. ಅದಕ್ಕೆಂದೇ ಸರ್ಕಾರಿ ಸಂಸ್ಥೆಗಳಿವೆ: ರಾಜ್ಯಕ್ಕೆ ಡಿಎಸ್ಇಆರ್‌ಟಿ ಇದೆ, ಜಿಲ್ಲೆಗೆ ಡಯಟ್, ತಾಲ್ಲೂಕಿಗೆ ಬಿಆರ್‌ಸಿ, ಅದರ ಕೆಳಗೆ ಅಕ್ಕಪಕ್ಕದ ಶಾಲೆಗಳ ಗುಂಪಿಗೊಂದು ಕ್ಲಸ್ಟರು. 2019ರಲ್ಲಿ ಕೇಂದ್ರ ಸರ್ಕಾರದ ನಿಷ್ಠಾ ತರಬೇತಿ ಬಂತು, ದೇಶದ 42 ಲಕ್ಷ ಶಿಕ್ಷಕರಿಗೆ ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ಕಲಿಕೆ ಸಿಗಬೇಕು ಅನ್ನುತ್ತದೆ. ಕಾಗದದ ಮೇಲೆ ನಾವು ಯಾರಿಗೂ ಕಡಿಮೆ ಇಲ್ಲ. ಅಕ್ಕ ಕಾಫಿ ಲೋಟ ಹಿಡಿದು ಈ ಹೆಸರುಗಳನ್ನೆಲ್ಲ ಸಹಸ್ರನಾಮದ ಹಾಗೆ ಹೇಳಬಲ್ಲಳು. ಸರ್ಕಾರದ ಆನ್‌ಲೈನ್ ತಾಣ ದೀಕ್ಷಾದ ಕೋರ್ಸ್ ಬಂದಾಗ ಮೊಬೈಲಿನಲ್ಲಿ ವಿಡಿಯೋ ಓಡಿಸಿಟ್ಟು ಸೊಪ್ಪು ಸೋಸುತ್ತಾಳೆ. ಕೊನೆಯ ಪ್ರಶ್ನೆಗಳ ಉತ್ತರ ಅಷ್ಟರೊಳಗೆ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಸರ್ಟಿಫಿಕೇಟೂ ಬರುತ್ತದೆ.

ಆದರೆ ಅಷ್ಟು ವರ್ಷದ ಸರ್ವಿಸಿನಲ್ಲಿ ಅವಳು ಇನ್ನೊಬ್ಬ ಟೀಚರ್ ಮಾಮೂಲಿ ದಿನ ಮಾಮೂಲಿ ಮಕ್ಕಳಿಗೆ ಪಾಠ ಮಾಡುವುದನ್ನು ಮೊದಲಿಂದ ಕೊನೆತನಕ ಕೂತು ನೋಡಿಲ್ಲ. ಅವಳ ಪಾಠವನ್ನೂ ಹಾಗೆ ಯಾರೂ ನೋಡಿಲ್ಲ. ನನಗೆ ತಡೆದುಕೊಳ್ಳೋಕೆ ಆಗದಿರುವುದು ಇದೊಂದೇ. ಮೇಷ್ಟ್ರನ್ನು ಕ್ಲಾಸಿನಿಂದ ಹೊರಗೆ ಕರೆದುಕೊಂಡು ಹೋಗಿ ಫ್ಯಾನ್ ಕೆಳಗೆ ಕೂರಿಸಿ ಪಿಪಿಟಿ ತೋರಿಸುತ್ತೇವೆ, ಮಕ್ಕಳು ಒಬ್ಬರೂ ಇಲ್ಲದ ಜಾಗದಲ್ಲಿ. ಬೆಳಿಗ್ಗೆ ಒಂದು ಸಹಿ, ಮಧ್ಯಾಹ್ನ ಒಂದು ಸಹಿ, ಟಿಎ ಬಿಲ್ಲು.

ಕ್ಲಾಸಿನ ಒಳಗೆ ಯಾರಾದರೂ ಬಂದು ನಿಂತರೆ ನಮ್ಮಲ್ಲಿ ಅದು ತಪಾಸಣೆ. ನಾನು ಓದುವಾಗ ಇನ್‌ಸ್ಪೆಕ್ಟರು ಬರುವ ದಿನ ಮೇಷ್ಟ್ರು ಮೊದಲೇ ಹೇಳಿರುತ್ತಿದ್ದರು: ಉತ್ತರ ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ. ಎಲ್ಲರ ಕೈಯೂ ಮೇಲೆ, ಸಾಹೇಬರಿಗೆ ಖುಷಿ. ಈಗ ಆ ಜಾಗಕ್ಕೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ, ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಿದ್ದಾರೆ. ಅವರು ಕೇಳುವುದು ದಾಖಲೆ ಪುಸ್ತಕ, ಬಿಸಿಯೂಟದ ಲೆಕ್ಕ, ಮೊಟ್ಟೆ ಕೊಟ್ಟಿರಾ ಇಲ್ಲವಾ. ಮಾದರಿ ಪಾಠ ಅಂತ ಒಂದಿದೆ, ನಿಜ. ಅಕ್ಕ ಒಮ್ಮೆ ಕ್ಲಸ್ಟರಿನ ಮೇಷ್ಟ್ರುಗಳೆಲ್ಲ ಸೇರುವ ಸಮಾಲೋಚನಾ ಸಭೆಯಲ್ಲಿ ಮಾಡಿದ್ದಳು. ಚೂಟಿ ಮಕ್ಕಳನ್ನು ಆರಿಸಿ ಮುಂದೆ ಕೂರಿಸಿ, ಎರಡು ಸಲ ರಿಹರ್ಸಲ್ ಮಾಡಿಸಿ, ಬಣ್ಣದ ಚಾರ್ಟ್ ಬರೆಸಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಎಲ್ಲೂ ಎಡವಲಿಲ್ಲ, ಹಾಗಾಗಿ ಅದರಿಂದ ಯಾರೂ ಏನೂ ಕಲಿಯಲೂ ಇಲ್ಲ. ಇಲ್ಲಿನವರು ನೋಡೋಕೆ ಬರುವುದೇ ಎಡವುವ ಜಾಗವನ್ನು.

ನಮಗೆ ಇದು ಬರುವುದೇ ಇಲ್ಲ ಅಂತೇನೂ ಅಲ್ಲ. ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ಆಡುತ್ತಾ ಕಲಿಯುವ ನಲಿ-ಕಲಿ ಹೇಗೆ ಹುಟ್ಟಿತು? 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆಯವರು ಪಾಠ ನಡೆಸುವುದನ್ನು ಕಣ್ಣಾರೆ ನೋಡಿದರು. ವಾಪಸ್ ಬಂದು ತಾವೇ ಕೂತು ಕಾರ್ಡು ಬರೆದರು, ಕಲಿಕೆಯ ಮೆಟ್ಟಿಲು ಜೋಡಿಸಿದರು. ಯುನಿಸೆಫ್ ನೆರವು ಇತ್ತು, ಆದರೆ ಕೈ ಅವರದ್ದೇ. ಮೇಷ್ಟ್ರು ಮೇಷ್ಟ್ರನ್ನು ನೋಡಿ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಜಪಾನಿನಲ್ಲೂ ಹುಡುಕಬೇಕು. ಆಮೇಲೆ 2009-10ರಲ್ಲಿ ಅದು ಇಡೀ ರಾಜ್ಯಕ್ಕೆ ಬಂತು. ಬಂದದ್ದು ಕಾರ್ಡು, ಮಕ್ಕಳ ಗುಂಪು ತೋರಿಸುವ ತಟ್ಟೆ, ಆದೇಶ. ಹೋಗಿ ನೋಡುವ ಆ ಬಸ್ ಪ್ರಯಾಣ ಮಾತ್ರ ಎಲ್ಲರಿಗೂ ಬರಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಕ್ಕನಿಗೆ ಆವೇಶದಿಂದ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಅಲ್ವೋ, ಒಂದು ಪಾಠ ನೋಡೋಕೆ ಅಲ್ಲಿ ಇಡೀ ಶಾಲೆ ಬಿಡ್ತಾರಾ? ಇಲ್ಲಿ ನಾನೊಬ್ಬಳು ಟ್ರೈನಿಂಗಿಗೆ ಹೋದ್ರೇ ಅರ್ಧ ಶಾಲೆ ಬಿಟ್ಟ ಹಾಗೆ" ಅಂದಳು. ಐದು ಕ್ಲಾಸು, ಇಬ್ಬರು ಟೀಚರ್. ಅವಳ ಪಾಠ ನೋಡೋಕೆ ಇನ್ನೊಬ್ಬರು ಬಂದರೆ ಆ ಕಡೆ ನಲಿ-ಕಲಿ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು? 2025ರ ದಸರಾ ರಜೆಯನ್ನೇ ತೆಗೆದುಕೊಳ್ಳಿ. ಸರ್ಕಾರದ ಜಾತಿ ಸಮೀಕ್ಷೆಗೆ ಮೇಷ್ಟ್ರುಗಳು ಮನೆ ಮನೆ ಸುತ್ತಿ, ಅದು ಮುಗಿಯದೆ ಶಾಲೆಗಳಿಗೇ ರಜೆ ಮುಂದುವರಿಸಬೇಕಾಯಿತು. ಪಾಠದ ಚರ್ಚೆ ಯಾವಾಗ ಮಾಡಲಿ, ಹೇಳು ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಇನ್ನು ಇಲ್ಲಿನದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಜಪಾನಿನ ಮೇಷ್ಟ್ರುಗಳು ಸಾಯುವಷ್ಟು ಕೆಲಸ ಮಾಡುತ್ತಾರೆ. ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 2018ರ ಸಮೀಕ್ಷೆಯಲ್ಲಿ ಇಲ್ಲಿನ ಮಿಡಲ್ ಸ್ಕೂಲ್ ಮೇಷ್ಟ್ರುಗಳು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು, ಸಮೀಕ್ಷೆ ನಡೆದ ದೇಶಗಳಲ್ಲೆಲ್ಲ ಅದೇ ಜಾಸ್ತಿ. ಅದರಲ್ಲಿ ಸ್ವಂತ ಕಲಿಕೆಗೆ ಸಿಕ್ಕಿದ್ದು ವಾರಕ್ಕೆ 0.6 ಗಂಟೆ, ಅಂದರೆ ಅರ್ಧ ಗಂಟೆ ಚಿಲ್ಲರೆ. ಓವರ್‌ಟೈಮ್ ಕೊಡುವ ಬದಲು ಸಂಬಳದ ಶೇ. 4ರಷ್ಟು ಸೇರಿಸಿ ಕೊಟ್ಟರೆ ಸಾಕು ಅಂತ 1971ರಲ್ಲಿ ಒಂದು ಕಾನೂನು ಮಾಡಿದ್ದರು. 2025ರಲ್ಲಿ ಅದನ್ನು ಹಂತ ಹಂತವಾಗಿ ಏರಿಸಲು ಕಾನೂನು ತಿದ್ದಿದರು. ಮೇಲಿಂದ ಹೇರುವ ತರಬೇತಿಯ ಹುಚ್ಚು ಇವರಿಗೂ ಒಮ್ಮೆ ಹಿಡಿದಿತ್ತು. 2009ರಿಂದ ಹತ್ತು ವರ್ಷಕ್ಕೊಮ್ಮೆ 30 ಗಂಟೆ ಕ್ಲಾಸಿಗೆ ಹೋಗಿ ಲೈಸೆನ್ಸ್ ನವೀಕರಿಸಬೇಕು, ಅದೂ ಸ್ವಂತ ದುಡ್ಡಲ್ಲಿ. ಮೇಷ್ಟ್ರುಗಳು ಬೈದೂ ಬೈದೂ 2022ರಲ್ಲಿ ಅದನ್ನು ರದ್ದು ಮಾಡಿದರು. ನಮ್ಮ ಮಗಳ ಶಾಲೆಯ ಸ್ಟಾಫ್ ರೂಮಿನ ದೀಪ ರಾತ್ರಿ ಎಂಟಕ್ಕೂ ಉರಿಯುತ್ತಿರುತ್ತದೆ. ಆ ಎಲ್ ಆಕಾರದ ಪಾಠವೂ ಆ ದೀಪದ ಕೆಳಗೇ ತಯಾರಾಗಿದ್ದು.

ಆದರೂ ನನ್ನ ಹಟ ಪೂರ್ತಿ ಇಳಿದಿಲ್ಲ. ಗಂಟೆ ಜಾಸ್ತಿ ಬೇಡ, ಹೊಸ ಯೋಜನೆ ಬೇಡ. ಈಗಿರುವ ಸಮಾಲೋಚನಾ ಸಭೆಯನ್ನು ಮಕ್ಕಳು ಮನೆಗೆ ಹೋದ ಮೇಲೆ ಮಾಡುವ ಬದಲು ಮಕ್ಕಳಿರುವಾಗಲೇ ಯಾವುದಾದರೂ ಒಂದು ಕ್ಲಾಸಿನ ಗೋಡೆಗೆ ಒರಗಿಕೊಂಡು ಮಾಡಬಹುದಲ್ವಾ? ಶನಿವಾರ ಹೇಗಿದ್ದರೂ ಬೆಳಗಿನ ಶಾಲೆ. ಅಕ್ಕನಿಗೆ ಇದು ಅರ್ಧಂಬರ್ಧ ಹಿಡಿಸಿದೆ. ಪಕ್ಕದ ಊರಿನ ಗಣಿತದ ಮೇಷ್ಟ್ರು ಭಿನ್ನರಾಶಿ ಚೆನ್ನಾಗಿ ಮಾಡುತ್ತಾರಂತೆ, ಒಂದು ಶನಿವಾರ ಬಂದು ಹಿಂದೆ ಕೂರಲಾ ಅಂತ ಕೇಳಿದ್ದಾಳೆ. ಅವರು ಎರಡು ದಿನ ಯೋಚನೆ ಮಾಡಿ ಒಪ್ಪಿಕೊಂಡಿದ್ದಾರೆ. "ಬನ್ನಿ ಮೇಡಂ, ಬೇಕಾದ್ರೆ ತಪ್ಪೂ ಹುಡುಕಿ. ಸಿಆರ್‌ಪಿ ಸಾಹೇಬರನ್ನ ಮಾತ್ರ ಕರ್ಕೊಂಡು ಬರಬೇಡಿ" ಅಂದರಂತೆ.